ಮೀನಿಗೆ ಬಂದ ಅಮ್ಮ

ಮುಷ್ಟಿ ತುಂಬ ಉಪ್ಪು ಹಿಡಿದು ಓಬಳೇಶ ಮೀನಿನ ಗಾಜಿನ ಪೆಟ್ಟಿಗೆಯ ಮೇಲೆ ಕೈ ಚಾಚಿದ್ದೇ ತಡ, ಅವನ ತಾಯಿ ಸುಂಕಮ್ಮ ಓಡಿಬಂದು ಮಣಿಕಟ್ಟು ಹಿಡಿದಳು.

“ಮೈತುಂಬ ಬಿಳಿ ಗುಳ್ಳಿ ಎದ್ದಾವು, ಅಮ್ಮ ಬಂದಾಳ ಅಂತ ಕಣ್ಣಿಗೆ ಕಾಣವಲ್ದೇನ್ಲೇ? ಬೇವು ಹಾಕಿ ತಣ್ಣಗ ಇಡಾದು ಬಿಟ್ಟು ಉಪ್ಪು ಸುರೀತೀಯಾ?”

“ಇದು ಹುಳದ ರೋಗಂತ ಬೇ. ಉಪ್ಪು ಹಾಕು, ನೀರು ಬೆಚ್ಚಗಿಡು ಅಂದಾರ ದನದ ಡಾಕ್ಟ್ರು.”

“ದನದ ಡಾಕ್ಟ್ರಿಗೆ ಮೀನಿನ ಸುದ್ದಿ ಏನ್ ಗೊತ್ತು?”

ಅದೂ ಹೌದೆನಿಸಿತು ಓಬಳೇಶನಿಗೆ. ಕೊಟ್ಟೂರಿನ ಅವನ ಫೋಟೋ ಸ್ಟುಡಿಯೋಗೆ ಜನ ಬರುತ್ತಿದ್ದುದೇ ಈ ಮೀನುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು. ಐದು ಸತ್ತು, ಉಳಿದದ್ದು ಇದೊಂದೇ. ಬೆಚ್ಚಗೋ, ತಣ್ಣಗೋ? ಡಾಕ್ಟರ ಮಾತೋ, ಅವ್ವನ ಮಾತೋ? ಬೆವರಿದ ಅಂಗೈಯಲ್ಲಿ ಉಪ್ಪು ಒದ್ದೆಯಾಗುತ್ತಿತ್ತು.

ಅಷ್ಟರಲ್ಲಿ ಮೀನು ತಳಕ್ಕಿಳಿದು ಕಲ್ಲಿಗೆ ಬರಬರ ಮೈ ಉಜ್ಜಿಕೊಂಡಿತು. ತಿರುಗಿ ಬಂದು ಮತ್ತೆ ಉಜ್ಜಿಕೊಂಡಿತು. ಸುಂಕಮ್ಮ ಅದನ್ನೇ ನೋಡುತ್ತ ನಿಂತಳು. ಅವಳ ಕೈ, ಎಳೆವಯಸ್ಸಿನಲ್ಲಿ ಸಿಡುಬು ಕೊರೆದುಹೋದ ತನ್ನ ಕೆನ್ನೆಯ ಕುಳಿಗಳ ಮೇಲೆ ಹೋಯಿತು.

“ಪಾಪ, ತಡಕೊಳ್ಳಾಕ ಆಗವಲ್ದು ಅದಕ್ಕ,” ಎಂದು ಮಗನ ಮುಷ್ಟಿ ಬಿಡಿಸಿ, ಉಪ್ಪನ್ನು ತಾನೇ ನೀರಿಗೆ ಬಿಟ್ಟಳು. “ಅಮ್ಮಗ ಸಿಟ್ಟು ಬಂದ್ರ ನನ್ನ ಮ್ಯಾಲೆ ಬರ್ಲಿ. ನನ್ನ ಮುಖ ಆಕಿಗೆ ಗುರ್ತೈತಿ.”