ಹಿಡಿಯೊಳಗಿನ ತುಕ್ಕು

ಹಳೆಯ ಜಪಾನಿ ಕತ್ತಿಗಳ ಬಗ್ಗೆ ವರ್ಷವಿಡೀ ಓದಿದ ಉಗ್ರಪ್ಪನವರು ಕೊನೆಗೂ ಒಂದನ್ನು ಕೊಳ್ಳಲು ಹೊರಟರು. ಅಂಗಡಿಯವನು ಹಿಡಿ ಕಳಚಿ, ಒಳಗಿನ ಬುಡಕ್ಕೆ ಕವಿದಿದ್ದ ಕಂದು ತುಕ್ಕು ತೋರಿಸಿದ.

"ಕತ್ತಿ ವಯಸ್ಸೆಲ್ಲ ಇದರಲ್ಲೇ ಇರೋದು ಸಾರ್. ಉಜ್ಜೋದಿರಲಿ, ನೀರೂ ಸೋಕಿಸ್ಬೇಡಿ."

ತುಕ್ಕು ತೆಗೆಯಬಾರದೆಂದು ಪುಸ್ತಕಗಳೂ ಹೇಳಿದ್ದವು. ಉಗ್ರಪ್ಪನವರಿಗೆ ನಂಬಿಕೆ ಬಂತು. ಕತ್ತಿ ಮನೆಗೆ ಬಂತು. ದಿನಾ ಹಿಡಿ ಕಳಚಿಟ್ಟು, ಮಗುವಿನ ಮುಖ ನೋಡುವಂತೆ ಆ ತುಕ್ಕು ನೋಡಿದ್ದೇ ನೋಡಿದ್ದು.

ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಈಳಿಗೆಮಣೆಯ ಪಕ್ಕದಲ್ಲಿ ಕತ್ತಿ ಕುಂಕುಮ ಹಚ್ಚಿಕೊಂಡು ಕೂತಿತ್ತು. ಬುಡ ಫಳಫಳ ಹೊಳೆಯುತ್ತಿತ್ತು.

"ಅಯ್ಯೋ, ನಾನೂರು ವರ್ಷದ ತುಕ್ಕು ಕಣೇ! ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಯಾ?"

"ತಿಕ್ಕೋಕೆ ಅದು ಬಿಟ್ರೆ ತಾನೇ?" ಎಂದಳು ಹೆಂಡತಿ. "ಒದ್ದೆ ಬಟ್ಟೆ ತಾಗಿಸಿದ್ದೇ ತಡ, ಬಣ್ಣ ಬಿಡ್ತು ಕಣ್ರೀ."