ಊಟಕ್ಕೆ ಮುಂಚಿನ ಸಿನಿಮಾ

ಬಿರಿಯಾನಿ ಹಂಡೆಯ ಮುಚ್ಚಳಕ್ಕೆ ಹಿಟ್ಟು ಮೆತ್ತಿ, ದಮ್ಮಿಗೆ ಇಟ್ಟು, ಕೈ ತೊಳೆಯುತ್ತಿದ್ದಾಗ ಗುಲ್ನಾಜ್‌ಗೆ ಫೋನು ಬಂತು. ಜವನಗೊಂಡನಹಳ್ಳಿಯಿಂದ ತಮ್ಮ ಫಾಜಿಲ್. ಅಮ್ಮ ಹೋಗಿಬಿಟ್ಟಿದ್ದಳು. ಸಂಜೆ ಅಸರ್ ನಮಾಜು ಮುಗಿದ ಕೂಡಲೇ ಮಣ್ಣು, ಅಷ್ಟರೊಳಗೆ ಬಂದರೆ ಮುಖ ಸಿಗುತ್ತದೆ ಎಂದ.

ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಡುಮನೆಯ ಬಾಗಿಲಿಗೆ ಬಂದಳು. ಚಿತ್ರದುರ್ಗದ ದೊಡ್ಡ ಮನುಷ್ಯರೆಲ್ಲ ಅವಳು ಅಡುಗೆಗಿದ್ದ ಅನುಸೂಯಮ್ಮನ ಮನೆಯಲ್ಲಿ ಸೇರಿ, ಕಿಟಕಿಗಳಿಗೆ ಪರದೆ ಎಳೆದು, ಯಾವುದೋ ಹಳೇ ಫ್ರೆಂಚ್ ಸಿನಿಮಾ ನೋಡುತ್ತಿದ್ದರು. ಶ್ರೀಮಂತರನ್ನು ಗೇಲಿ ಮಾಡುವ ಸಿನಿಮಾವಂತೆ. ನೋಡುತ್ತಿದ್ದವರೂ ಬಡವರೇನಲ್ಲ ಬಿಡಿ.

ಅನುಸೂಯಮ್ಮ ಹೊರಗೆ ಬಂದು, ವಿಷಯ ಕೇಳಿ ನಿಜವಾಗಿಯೂ ಮರುಗಿದರು. ಗುಲ್ನಾಜಳ ಬೆನ್ನು ಸವರಿದರು.

"ಬಸ್ಸಿಗೆ ಹೋದ್ರೆ ಹಿರಿಯೂರಲ್ಲಿ ಇಳಿದು ಮತ್ತೆ ಕಾಯ್ಬೇಕು. ಸಿನಿಮಾ ಇನ್ನೇನು ಮುಗೀತೈತೆ. ದಮ್ ಬಿಡಿಸಿ ಬಡಿಸಿಬಿಡು, ಡ್ರೈವರ್ ಮಾರಣ್ಣ ಕಾರಲ್ಲಿ ಬಿಟ್ಟು ಬರ್ತಾನೆ."

"ತಡ ಆಗಬಾರ್ದು ಅಕ್ಕ. ನಮ್ಮಲ್ಲಿ ಇಟ್ಕಳಲ್ಲ."

"ಹೆತ್ತ ಮಗಳು ಬರೋತನಕ ಕಾಯದೇ ಇರ್ತಾರೇನೇ?"

ಅನುಸೂಯಮ್ಮನ ಕಡೆ ದೂರದ ಮಕ್ಕಳು ಬರುವ ತನಕ ಹೆಣ ಇಟ್ಟುಕೊಂಡಿರುತ್ತಾರೆ. ಎಲ್ಲರ ಮನೆಯಲ್ಲೂ ಹಾಗೇ ಎಂದುಕೊಂಡಿದ್ದರು, ಪಾಪ. ಗುಲ್ನಾಜಳಿಗೂ ಕಾರೇ ಬೇಗ ಅನ್ನಿಸಿತು.

ಸಿನಿಮಾದ ಬಂಗಲೆಯಲ್ಲಿ ಒಬ್ಬ ಆಳು ಗುಂಡೇಟಿಗೆ ಸತ್ತ. ಆ ಬಂಗಲೆಯ ನೆಂಟರು ಅಯ್ಯೋ ಎಂದು ಊಟಕ್ಕೆ ಎದ್ದರು. ಅನುಸೂಯಮ್ಮ ಕಣ್ಣೊರೆಸಿಕೊಂಡರು. ದೀಪ ಹಾಕಿದ್ದೇ ಚರ್ಚೆ ಶುರುವಾಯಿತು. ಮರ್ಯಾದೆ, ಶಿಷ್ಟಾಚಾರ ಅಂತ ಮನುಷ್ಯತ್ವವನ್ನೇ ಮರೆತ ಜನ ಎಂದು ಒಬ್ಬರು ಬಹಳ ಚೆನ್ನಾಗಿ ಮಾತಾಡಿದರು. ಗುಲ್ನಾಜ್ ಬಾಗಿಲಿಗೆ ಬಂದು ನಿಂತಳು, ಹೋದಳು, ಮತ್ತೆ ಬಂದಳು. ಅನುಸೂಯಮ್ಮ ಕೂತಲ್ಲಿಂದಲೇ ಒಂದು ನಿಮಿಷ ಎಂದು ಕೈಸನ್ನೆ ಮಾಡಿದರು. ಮಾತಾಡುತ್ತಿರುವವರನ್ನು ನಡುವೆ ತಡೆಯುವುದು ಹೇಗೆ? ಮಾರಣ್ಣನ ಕಾರಿಗೆ ಅಡ್ಡವಾಗಿ ನೆಂಟರ ಕಾರುಗಳು ಬೇರೆ ನಿಂತಿದ್ದವು. ತೆಗೆಯಿರಿ ಎಂದು ಯಾರನ್ನು ಎಬ್ಬಿಸುವುದು?

ಕೊನೆಗೂ ಎಲೆ ಹಾಕಿದರು. ಗುಲ್ನಾಜ್ ದಮ್ ಬಿಡಿಸಿ ಬಡಿಸಿದಳು. ಇಂಥ ಬಿರಿಯಾನಿ ತಿಂದೇ ಇಲ್ಲ ಎಂದು ಎಲ್ಲರೂ ಹೊಗಳಿದರು. ಯಾವ ಹೊಗಳಿಕೆಯೂ ಅವಳ ಕಿವಿಗೆ ಬೀಳಲಿಲ್ಲ. ಒಲೆಯ ಮುಂದೆ ನಿಂತು ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ.

ಮಾರಣ್ಣ ಕಾರನ್ನು ಜೀವದ ಹಂಗು ಬಿಟ್ಟು ಓಡಿಸಿದ. ಆದರೂ ಊರಿನ ತಿರುವಿನಲ್ಲಿ ಬಿಳಿ ಟೋಪಿಯ ಗಂಡಸರು ಗುಂಪಾಗಿ ಎದುರಿಗೇ ಬರುತ್ತಿದ್ದರು. ಖಬರಸ್ಥಾನದಿಂದ ವಾಪಸು ಬರುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಅಲ್ಲಿಗೆ ಹೆಂಗಸರು ಹೋಗುವಂತಿಲ್ಲ. ಇನ್ನು ಅಮ್ಮನ ಗೋರಿಯೂ ಅವಳ ಪಾಲಿಗಿಲ್ಲ.

ಫಾಜಿಲ್ ಗುಂಪು ಬಿಟ್ಟು ಕಾರಿನ ಹತ್ತಿರ ಬಂದ.

"ಮುಖಕ್ಕೆ ಕಫನ್ ಬಟ್ಟೆ ಮುಚ್ಚದೆ ಕಾದ್ವಿ ಆಪಾ. ಮಗಳು ಬಂದ್ಲಾ, ಮಗಳು ಬಂದ್ಲಾ ಅಂತ ಎಲ್ರೂ ಕೇಳ್ತಿದ್ರು. ನಾನೇನು ಹೇಳ್ಲಿ?"

ಅವನ ಬೆರಳುಗಳಿಗೆ ಹಸಿ ಮಣ್ಣು ಹತ್ತಿತ್ತು. ಗುಲ್ನಾಜ್ ಆ ಎರಡೂ ಕೈಗಳನ್ನು ಎಳೆದು ತನ್ನ ಮುಖಕ್ಕೆ ಒತ್ತಿಕೊಂಡಳು.