ಮೊಳೆಗೆ ಮೂರು ವೋಟು

"ಟೋಪಿಯೊಳಗೆ ಗ್ರೀಸ್ ಬಚ್ಚಿಟ್ಕೊಂಡು ಬಾಲಿಗೆ ಸವರ್ತಿದ್ದ ಮನುಷ್ಯ ಅವನು! ಅವನ ಫೋಟೋ ನಮ್ಮ ಗೋಡೆ ಮೇಲೆ ಬೇಡವೇ ಬೇಡ," ಎಂದಳು ನಿಸರ್ಗಾ.

"ಅಷ್ಟೊಂದು ಗೇಮ್ ಗೆದ್ದಿದ್ದಾನಲ್ಲ, ಎಲ್ಲಾ ಬರೀ ಗ್ರೀಸಿಂದ್ಲೇನೇ?" ಎಂದು ಗಂಡ ನಾಗಾರ್ಜುನ ಸೋಫಾದಿಂದ ಅರ್ಧ ಎದ್ದ.

ಅಮೆರಿಕದ ಮೌಂಟನ್ ವ್ಯೂನ ಆ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಟಿವಿಯ ಮೇಲೆ ಇದ್ದದ್ದು ಒಂದೇ ಮೊಳೆ, ಹಿಂದಿನವರು ಬಿಟ್ಟುಹೋದದ್ದು. ಇನ್ನೊಂದು ಹೊಡೆಯಕೂಡದೆಂದು ಮನೆ ಕೊಟ್ಟವರ ಕಟ್ಟಪ್ಪಣೆ. ಹಾಲ್ ಆಫ್ ಫೇಮಿಗೆ, ಅಂದರೆ ಬೇಸ್‌ಬಾಲಿನ ಮಹಾಮಹಿಮರ ಸಾಲಿಗೆ, ಈ ಸಲ ಯಾರು ಸೇರಬೇಕೆಂದು ಊರೆಲ್ಲ ವಾದಿಸುವ ಜನವರಿ ಅದು. ಗಂಡ ಹೆಂಡತಿ ಇಬ್ಬರಿಗೂ ಆ ಆಟದ ಹುಚ್ಚು. ಚೆಂಡೆಸೆಯುವ ಪಿಚರುಗಳಲ್ಲಿ ಅವನಿಗೆ ಆ ಗ್ರೀಸ್ ಸವರುವ ಕೊಸ್ಕಿಯೇ ದೇವರು. ಅವಳಿಗೆ, ಭುಜ ಮುರಿದರೂ ಒಂದು ದಿನವೂ ಮೋಸ ಮಾಡದ ಬ್ರಾನಿಗನ್. ವಾದದಲ್ಲಿ ಗೆದ್ದವರಿಗೆ ಮೊಳೆ.

ಸೋಫಾದ ಮೂಲೆಯಲ್ಲಿ ಇಂಡಿಯನ್ ಸ್ಟೋರಿನ ಅವರೆಕಾಳು ಹಿದುಕುತ್ತ ಕೂತಿದ್ದ ನಾಗಾರ್ಜುನನ ತಾಯಿ ಗೌರಮ್ಮನ ಕಣ್ಣೂ ಅದೇ ಮೊಳೆಯ ಮೇಲಿತ್ತು. ಗಂಡ ಮುನಿರಾಜು ಮೇಷ್ಟ್ರ ಫೋಟೋ, ಗಂಧದ ಹಾರದ ಸಮೇತ, ಗೌರಮ್ಮ ದಸರೆ ಮುಗಿಸಿ ಮಂಡ್ಯದಿಂದ ಬಂದಂದಿನಿಂದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿತ್ತು. ಮಗನ ಮನೆಯ ಗೋಡೆಗೆ ಅದನ್ನು ಹಾಕಿಸಬೇಕೆಂದು ಆಸೆಯೋ ಆಸೆ. ಆದರೆ ಸೊಸೆಯ ಮನೆಯಲ್ಲಿ ನಾನಾಗಿ ಮೊಳೆ ಕೇಳುವುದೇ ಎಂಬ ಬಿಗುಮಾನ. ಈಗ ನೋಡಿದರೆ ಯಾರೋ ಗಡ್ಡದ ಆಸಾಮಿಗಳು ಅದಕ್ಕೆ ಪೈಪೋಟಿಗೆ ನಿಂತಿದ್ದಾರೆ. ಗೌರಮ್ಮನಿಗೆ ಹೊಟ್ಟೆ ಉರಿಯಿತು.

"ಅವ್ವ, ನೀನೇ ಹೇಳು. ನಿಂದೂ ಒಂದು ವೋಟು," ಎಂದ ನಾಗಾರ್ಜುನ.

"ಮೊದ್ಲು ರೂಲ್ಸ್ ಹೇಳಪ್ಪ. ಸುಮ್‌ಸುಮ್ನೆ ಹಾಕ್ಬುಡಕ್ಕಾಯ್ತದಾ?"

"ಹತ್ತು ವರ್ಷನಾದ್ರೂ ಆಡಿರ್ಬೇಕು. ಬಿಟ್ಟು ಐದು ವರ್ಷ ಆಗಿರ್ಬೇಕು. ನೂರಕ್ಕೆ ಎಪ್ಪತ್ತೈದು ವೋಟ್ ಬೀಳ್ಬೇಕು."

"ಅಂದ್ರೆ ಇಲ್ಲಿ ಮೂರೂ ಜನ ಹ್ಞೂಂ ಅನ್ಲೇಬೇಕು ಅತ್ತೆ," ಎಂದಳು ನಿಸರ್ಗಾ. "ಇನ್ನೊಂದು ತಮಾಷೆ ಕೇಳಿ. ವೋಟ್ ಹಾಕೋರಲ್ಲಿ ಕೆಲವ್ರು ಎಂಥಾ ಜಿಗುಟು ಅಂದ್ರೆ, ಗ್ರೇಟ್ ಪ್ಲೇಯರ್ ಅಂತ ಗೊತ್ತಿದ್ರೂ ಮೊದಲ್ನೇ ವರ್ಷ ಬೇಕಂತ್ಲೇ ಹಾಕಲ್ಲ."

"ಬರೀ ಕಾಯ್ಸಕ್ಕೆ?"

"ಬರೀ ಕಾಯ್ಸೋಕೆ!"

ಗೌರಮ್ಮನಿಗೆ ಇದು ಬಹಳ ಹಿಡಿಸಿತು. ಹಿದುಕಿದ ಕಾಳೊಂದು ಚಂಗನೆ ಹಾರಿ ಟಿವಿಗೆ ಬಡಿಯಿತು.

"ಹಂಗಾರೆ ನಂದೂ ಒಂದು ಹೆಸರದೆ," ಎಂದರು. "ಬಲಗೈ ಪಿಚರು. ಮೂವತ್ತು ವರ್ಷ ಎಸೆದವ್ರೆ. ಬೋರ್ಡಿನ ತಾವ ನಿಂತ್ಕಂಡು ಕೊನೇ ಬೆಂಚಿಗೆ. ಒಂದ್ ದಿನ ಗುರಿ ತಪ್ಪಿಲ್ಲ."

ನಾಗಾರ್ಜುನನ ಕೈ ತಾನಾಗಿಯೇ ಹಣೆ ಸವರಿಕೊಂಡಿತು. ಅಪ್ಪನ ಕ್ಲಾಸಿನಲ್ಲಿ ತೂಕಡಿಸಿ ಚಾಕ್‌ಪೀಸಿನ ಏಟು ತಿಂದ ಹಣೆ ಅದು. "ಅಪ್ಪ!" ಎಂದ.

"ಆಟ ಬುಟ್ಟು ಆರು ವರ್ಷ ಆಯ್ತು," ಎಂದರು ಗೌರಮ್ಮ, ದನಿ ಸ್ವಲ್ಪ ಇಳಿಯಿತು. ಎದ್ದು ಒಳಗೆ ಹೋಗಿ ಫೋಟೋ ತಂದರು.

"ಅಯ್ಯೋ ಅತ್ತೆ, ಇಷ್ಟು ದಿನ ಒಳಗೇ ಇಟ್ಟಿದ್ರಾ? ಒಂದು ಮಾತು ಹೇಳ್ಬಾರ್ದಾ?" ಎಂದು ನಿಸರ್ಗಾ ಫೋಟೋದ ಗಾಜನ್ನು ತನ್ನ ದುಪಟ್ಟಾದಿಂದ ಒರೆಸಿದಳು. ಆಮೇಲೆ ಕಣ್ಣು ಕಿರಿದು ಮಾಡಿ, "ಮಾವ ಗ್ರೀಸ್ ಗೀಸ್ ಸವರ್ತಿದ್ರಾ?" ಎಂದಳು.

"ಗ್ರೀಸ್ ಇಲ್ಲ ಕಣವ್ವ. ಎಸೆದ್ಬುಟ್ಟು ಕೈ ಕಟ್ಕಂಡು ಕಿಟಕಿ ಕಡೆ ನೋಡೋರು, ಇನ್ಯಾರೋ ಎಸೆದಂಗೆ."

ನಿಸರ್ಗಾ ನಗುತ್ತಲೇ ಕೈ ಎತ್ತಿದಳು. ನಾಗಾರ್ಜುನನೂ ಎತ್ತಿದ. ಕೊಸ್ಕಿಯೂ ಬ್ರಾನಿಗನ್ನೂ ಅಲ್ಲಿಗೆ ಮಣ್ಣುಮುಕ್ಕಿದರು. ಅವ್ವನ ವೋಟು ಬಿದ್ದ ಹಾಗೆಯೇ ಎಂದುಕೊಂಡು ಅವನು ಫೋಟೋ ಹಿಡಿದು ಮೊಳೆಯ ಹತ್ತಿರ ಹೋಗಿಯೂಬಿಟ್ಟ.

ಗೌರಮ್ಮನಿಗೆ, ಇಷ್ಟು ಸುಲಭವಾಗಿ ಸಿಗುವುದನ್ನು ಇಷ್ಟು ದಿನ ಕೇಳದೆ ನುಂಗಿಕೊಂಡಿದ್ದೆನಲ್ಲ ಎಂದು ತಮ್ಮ ಮೇಲೇ ಸಿಟ್ಟು ಬಂತು. ಸೆರಗಿನಲ್ಲಿ ಕೈ ಒರೆಸಿಕೊಂಡು ಕೊನೆಯ ವೋಟು ಹಾಕಲು ತಲೆ ಎತ್ತಿದರೆ, ಫೋಟೋದಲ್ಲಿ ಮೇಷ್ಟ್ರು ನಗುತ್ತಿದ್ದರು. ಅದೇ ನಗು. "ಮೈಸೂರಿಗೆ ಸಿನಿಮಾಕ್ಕೆ ಹೋಗೋಣ, ರೆಡಿಯಾಗಿರು, ಐದೇ ನಿಮಿಷ," ಎಂದು ಇಸ್ಪೀಟಿನ ಗುಂಪಿನ ಕಡೆಗೆ ಹೊರಡುವಾಗ ಇರುತ್ತಿದ್ದ ನಗು. ಮುಡಿದ ಮಲ್ಲಿಗೆ ಬಾಡುವವರೆಗೂ ಗೌರಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದರು.

ಎತ್ತಲು ಹೋದ ಕೈಯನ್ನು ಅವರು ಮಡಿಲಿಗಿಳಿಸಿದರು.

"ನಂದಿಲ್ಲ."

"ಅವ್ವ!"

"ಮೊದಲ್ನೇ ವರ್ಷ ಕಣ್ಲಾ. ಕಾಯ್ಲಿ. ನಾನು ಕಾಯ್ಲಿಲ್ವಾ?"

ನಾಗಾರ್ಜುನ ಫೋಟೋ ಹಿಡಿದುಕೊಂಡು ಬೆಪ್ಪಾಗಿ ನಿಂತ. ನಗು ತಡೆಯಲಾರದೆ ನಿಸರ್ಗಾ ಕೇಳಿದಳು, "ಹಾಗಾದ್ರೆ ಮತ್ತೆ ಸೂಟ್‌ಕೇಸಿಗಾ ಅತ್ತೆ?"

"ಸೂಟ್‌ಕೇಸ್ಗ್ಯಾಕವ್ವ?" ಗೌರಮ್ಮ ಅವರೆಕಾಳಿನ ಬಟ್ಟಲು ಮತ್ತೆ ಹತ್ತಿರಕ್ಕೆಳೆದುಕೊಂಡರು. "ಆ ಕುರ್ಚಿ ಮ್ಯಾಲೆ ಕೂರ್ಸು. ಮೊಳೆ ಚೆನ್ನಾಗಿ ಕಾಣೋ ಹಂಗೆ."